ಮೂರು ಘಳಿಗೆ ಹಿಂದೆ ಸರಿಯುವ ಸಂಜೆ

(ಬೇಸಿಗೆಯ ಕೊನೆಯಿಂದ ಚಳಿಗಾಲದವರೆಗೆ ಶ್ರಾವಕರ ದಿನಚರಿ ಮತ್ತು ಕೂಟಗಳು: ಒಂದು ಅಧ್ಯಯನ)

ಶ್ರಾವಕನ ದಿನಚರಿಗೆ ಸೂರ್ಯನೇ ಗಡಿಯಾರ. ಬೆಳಗಿನ ಜಿನದರ್ಶನ, ನೀರು ಸೋಸುವ ಹೊತ್ತು, ಒಲೆ ಹೊತ್ತಿಸುವ ಹೊತ್ತು, ಸಂಜೆಯ ಊಟ, ಬಸದಿಯ ಆರತಿ ಇವೆಲ್ಲವೂ ಸೂರ್ಯನ ಉದಯಾಸ್ತಗಳನ್ನು ಅನುಸರಿಸಿಯೇ ನಡೆಯತಕ್ಕವು. ಗೋಡೆಯ ಮೇಲಿನ ಗಡಿಯಾರವು ವರ್ಷವಿಡೀ ಒಂದೇ ಗತಿಯಲ್ಲಿ ತಿರುಗುತ್ತದೆ. ಸೂರ್ಯನಾದರೋ ಬೇಸಿಗೆಯಲ್ಲಿ ತಡವಾಗಿ ಅಸ್ತಮಿಸಿ, ಚಳಿಗಾಲದಲ್ಲಿ ಬೇಗನೆ ಮರೆಯಾಗುತ್ತಾನೆ. ಈ ಎರಡು ಗಡಿಯಾರಗಳ ನಡುವಿನ ಅಂತರವು ಸೋಲಾಪುರ, ಅಕ್ಕಲಕೋಟೆ, ಜತ್ತ ಸೀಮೆಯ ಜೈನ ಕುಟುಂಬಗಳ ಬಾಳಿನಲ್ಲಿ ಪ್ರತಿ ವರ್ಷವೂ ಹೇಗೆ ಕಾಣಿಸಿಕೊಳ್ಳುತ್ತದೆ, ಅದರಿಂದ ಮನೆಯಲ್ಲಿಯೂ ಸಮಾಜದಲ್ಲಿಯೂ ಯಾವ ಪ್ರಶ್ನೆ ಏಳುತ್ತದೆ ಎಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

ಈ ಸೀಮೆಯಲ್ಲಿ ಮನೆಯ ಮಾತು ಒಂದೇ ಅಲ್ಲ. ಕನ್ನಡ ಮಾತನಾಡುವ ಮನೆಗಳ ಪಕ್ಕದಲ್ಲಿಯೇ ಮರಾಠಿ, ಗುಜರಾತಿ, ಮಾರವಾಡಿ ಮಾತನಾಡುವ ಮನೆಗಳಿವೆ. ಮಾತು ಬೇರೆಯಾದರೂ ಎಲ್ಲರ ಮಾಳಿಗೆಯ ಮೇಲೆ ಮುಳುಗುವ ಸೂರ್ಯ ಒಬ್ಬನೇ. ಆದುದರಿಂದ ಈ ಪಾಠವು ಎಲ್ಲ ಮನೆಗಳಿಗೂ ಸಮಾನವಾಗಿ ಸಲ್ಲುತ್ತದೆ.

ಎರಡು ಅಷ್ಟಾಹ್ನಿಕಗಳು, ಎರಡು ಹೆಬ್ಬಾಗಿಲುಗಳು

ಜೈನ ಸಂಪ್ರದಾಯದಲ್ಲಿ ವರ್ಷಕ್ಕೆ ಮೂರು ಸಲ ಅಷ್ಟಾಹ್ನಿಕ ಪರ್ವ ಬರುತ್ತದೆ. ಆಷಾಢ, ಕಾರ್ತಿಕ ಮತ್ತು ಫಾಲ್ಗುನ ಮಾಸಗಳ ಶುಕ್ಲಾಷ್ಟಮಿಯಿಂದ ಹುಣ್ಣಿಮೆಯವರೆಗಿನ ಎಂಟು ದಿನಗಳಲ್ಲಿ ನಂದೀಶ್ವರ ದ್ವೀಪದ 52 ಜಿನಾಲಯಗಳನ್ನು ಸ್ಮರಿಸಿ ಪೂಜೆ ಸಲ್ಲಿಸುವುದು ರೂಢಿ. ಈ ಮೂರು ಹುಣ್ಣಿಮೆಗಳು ಕೇವಲ ಪೂಜೆಯ ದಿನಗಳಾಗಿರದೆ ಋತುಗಳ ಎಲ್ಲೆಗಳೂ ಆಗಿವೆ. ಫಾಲ್ಗುನದ ಹುಣ್ಣಿಮೆಯಿಂದ ಆಷಾಢದ ಹುಣ್ಣಿಮೆಯವರೆಗೆ ಗ್ರೀಷ್ಮಕಾಲ, ಆಷಾಢದಿಂದ ಕಾರ್ತಿಕದವರೆಗೆ ವರ್ಷಾಕಾಲ, ಕಾರ್ತಿಕದಿಂದ ಫಾಲ್ಗುನದವರೆಗೆ ಶೀತಕಾಲ ಎಂದು ಶ್ರಾವಕರ ಆಹಾರವಿಧಿಯಲ್ಲಿ ವಿಂಗಡಿಸಲಾಗಿದೆ. ಹೀಗೆ ಆಷಾಢದ ಅಷ್ಟಾಹ್ನಿಕವು ಬೇಸಿಗೆಯನ್ನು ಬೀಳ್ಕೊಡುವ ಹೆಬ್ಬಾಗಿಲಾದರೆ, ಕಾರ್ತಿಕದ ಅಷ್ಟಾಹ್ನಿಕವು ಚಳಿಗಾಲವನ್ನು ಬರಮಾಡಿಕೊಳ್ಳುವ ಹೆಬ್ಬಾಗಿಲು.

ಈ ಎರಡು ಬಾಗಿಲುಗಳ ನಡುವಿನ ಅವಧಿಯೇ ಚಾತುರ್ಮಾಸ. ಆಷಾಢ ಶುಕ್ಲ ಚತುರ್ದಶಿಯಂದು ಮುನಿಗಳು ಒಂದೆಡೆ ನೆಲೆನಿಂತು ವರ್ಷಾಯೋಗವನ್ನು ಧಾರಣೆ ಮಾಡುತ್ತಾರೆ. ದಿಗಂಬರ ಮುನಿಗಳ ವರ್ಷಾಯೋಗವು ದೀಪಾವಳಿಯ ಹೊತ್ತಿಗೆ ಸಮಾಪ್ತವಾದರೂ ಕಾರ್ತಿಕ ಹುಣ್ಣಿಮೆಯವರೆಗೆ ಚಾತುರ್ಮಾಸವೆಂದೇ ಜನರ ರೂಢಿ. ಶ್ವೇತಾಂಬರರಲ್ಲಿ ಕಾರ್ತಿಕ ಹುಣ್ಣಿಮೆಯಂದೇ ಅದು ಮುಗಿಯುತ್ತದೆ. ಮಳೆಗಾಲದಲ್ಲಿ ಹುಲ್ಲು ಹಸುರು, ಹುಳುಹುಪ್ಪಟೆಗಳು ನೆಲವನ್ನೆಲ್ಲ ಆವರಿಸುವುದರಿಂದ ನಡೆದಾಡುವಾಗ ಜೀವಹಿಂಸೆಯಾಗದಿರಲೆಂಬುದೇ ಈ ನಿಲುಗಡೆಯ ಕಾರಣ. ಮುನಿಗಳು ಊರಿನಲ್ಲಿ ನಿಂತಾಗ ಊರಿನ ಶ್ರಾವಕರೂ ಸ್ವಲ್ಪ ನಿಂತು ಯೋಚಿಸುವಂತಾಗುತ್ತದೆ. ಸ್ವಾಧ್ಯಾಯ, ಪ್ರವಚನ, ವ್ರತಗ್ರಹಣಗಳಿಗೆ ಈ ನಾಲ್ಕು ತಿಂಗಳು ಪ್ರಶಸ್ತವಾದ ಕಾಲ.

ಸೂರ್ಯನ 184 ವೀಥಿಗಳು

ಯತಿವೃಷಭಾಚಾರ್ಯರ ತಿಲೋಯಪಣ್ಣತ್ತಿ ಎಂಬ ಪ್ರಾಕೃತ ಗ್ರಂಥದಲ್ಲಿ ಸೂರ್ಯಚಂದ್ರರ ಚಲನೆಯ ವಿಸ್ತಾರವಾದ ವರ್ಣನೆ ಇದೆ. ಈ ಗ್ರಂಥವು 1943ರಲ್ಲಿ ಸೋಲಾಪುರದ ಜೀವರಾಜ ಜೈನ ಗ್ರಂಥಮಾಲೆಯ ಮೊದಲನೆಯ ಪುಷ್ಪವಾಗಿ ಬೆಳಕು ಕಂಡಿತೆಂಬುದು ಈ ಸೀಮೆಯವರಿಗೆ ಹೆಮ್ಮೆಯ ಸಂಗತಿ. ಅದರ ಸಂಪಾದಕರಲ್ಲಿ ಒಬ್ಬರಾದ ಡಾ. ಆ. ನೇ. ಉಪಾಧ್ಯೆಯವರು ಬೆಳಗಾವಿ ಜಿಲ್ಲೆಯ ಸದಲಗದವರು; ಇನ್ನೊಬ್ಬರಾದ ಡಾ. ಹೀರಾಲಾಲ ಜೈನರು ಹಿಂದಿ ಸೀಮೆಯವರು. ಭಾಷೆಯ ಗಡಿಯನ್ನು ದಾಟಿ ನಡೆದ ಕೆಲಸಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ.

ಆಗಮದ ಲೆಕ್ಕದಂತೆ ಸೂರ್ಯನಿಗೆ 184 ವೀಥಿಗಳಿವೆ. ಎಲ್ಲಕ್ಕೂ ಒಳಗಿನ ವೀಥಿಯಲ್ಲಿರುವಾಗ ಹಗಲು 18 ಮುಹೂರ್ತ, ಇರುಳು 12 ಮುಹೂರ್ತ. ಎಲ್ಲಕ್ಕೂ ಹೊರಗಿನ ವೀಥಿಯನ್ನು ಸೇರಿದಾಗ ಹಗಲು 12, ಇರುಳು 18 ಮುಹೂರ್ತ. ಒಳಗಿನಿಂದ ಹೊರಗೆ ಹೋಗಲು 183 ದಿನಗಳು. ಆರು ಮುಹೂರ್ತಗಳ ವ್ಯತ್ಯಾಸವನ್ನು 183 ದಿನಗಳಿಗೆ ಹಂಚಿದರೆ ದಿನಕ್ಕೆ ಒಂದು ಮುಹೂರ್ತದ 61ನೆಯ ಎರಡು ಭಾಗದಷ್ಟು ಹಗಲು ಕುಗ್ಗುತ್ತದೆ. ಮುಹೂರ್ತವೆಂದರೆ 48 ನಿಮಿಷ, ಅಂದರೆ ಎರಡು ಘಳಿಗೆ. ಈ ಲೆಕ್ಕದಂತೆ ಹಗಲು ದಿನಕ್ಕೆ ಸುಮಾರು ಒಂದೂವರೆ ನಿಮಿಷ ಕಡಿಮೆಯಾಗುತ್ತದೆ.

ಈ ಪ್ರಮಾಣವು ಸೋಲಾಪುರಕ್ಕಿಂತ ಬಹಳ ಉತ್ತರದ ಸೀಮೆಗೆ ಹೊಂದತಕ್ಕುದು. ಸೋಲಾಪುರದಲ್ಲಿ ಅತ್ಯಂತ ದೀರ್ಘವಾದ ಹಗಲು ಸುಮಾರು 13 ಗಂಟೆ 12 ನಿಮಿಷ. ಅತ್ಯಂತ ಚಿಕ್ಕ ಹಗಲು ಸುಮಾರು 11 ಗಂಟೆ 4 ನಿಮಿಷ. ಉತ್ತರಕ್ಕೆ ಹೋದಷ್ಟೂ ಈ ಅಂತರ ಹೆಚ್ಚು, ದಕ್ಷಿಣಕ್ಕೆ ಬಂದಷ್ಟೂ ಕಡಿಮೆ. ಆದರೆ ಶಾಸ್ತ್ರಕಾರರು ಕಂಡ ಮೂಲತತ್ತ್ವ ಎಲ್ಲೆಡೆಯೂ ಒಂದೇ: ಹಗಲು ಒಂದೇ ದಿನದಲ್ಲಿ ಕುಗ್ಗುವುದಿಲ್ಲ, ದಿನದಿನವೂ ಚೂರುಚೂರಾಗಿ, ಕಣ್ಣಿಗೆ ಬೀಳದಂತೆ ಕುಗ್ಗುತ್ತದೆ. ತಕ್ಕಡಿಯಲ್ಲಿ ಕಾಳು ಕಾಳಾಗಿ ಸರಿದು ಹೋದ ತೂಕವು ವ್ಯಾಪಾರಿಯ ಲಕ್ಷ್ಯಕ್ಕೆ ತಿಂಗಳ ಕೊನೆಯಲ್ಲಿ ಬರುವಂತೆ, ಸಂಜೆ ಕರಗಿದುದು ಗೃಹಸ್ಥನಿಗೆ ಕಾರ್ತಿಕದಲ್ಲಿಯೇ ತಿಳಿಯುವುದು.

ಮೂರು ಘಳಿಗೆಯ ಲೆಕ್ಕ

2025ರಲ್ಲಿ ಆಷಾಢ ಹುಣ್ಣಿಮೆಯು ಜುಲೈ 10ರಂದೂ ಕಾರ್ತಿಕ ಹುಣ್ಣಿಮೆಯು ನವೆಂಬರ್ 5ರಂದೂ ಬಂದವು. ಸೋಲಾಪುರದಲ್ಲಿ ಜುಲೈ 10ರ ಸೂರ್ಯಾಸ್ತವು ಸಂಜೆ ಸುಮಾರು 7 ಗಂಟೆ 5 ನಿಮಿಷಕ್ಕೆ. ನವೆಂಬರ್ 5ರದು ಸುಮಾರು 5 ಗಂಟೆ 53 ನಿಮಿಷಕ್ಕೆ. ಅಂತರವು 72 ನಿಮಿಷ. ಘಳಿಗೆಗೆ 24 ನಿಮಿಷದಂತೆ ಸರಿಯಾಗಿ ಮೂರು ಘಳಿಗೆ. ಎರಡು ಅಷ್ಟಾಹ್ನಿಕಗಳ ನಡುವೆ ಈ ಸೀಮೆಯ ಸಂಜೆಯು ಮೂರು ಘಳಿಗೆ ಹಿಂದೆ ಸರಿಯುತ್ತದೆ.

ನಡುವಿನ ಮೆಟ್ಟಿಲುಗಳನ್ನೂ ಗಮನಿಸಬೇಕು. ಸೆಪ್ಟೆಂಬರ್ ಮೊದಲಲ್ಲಿ ಸೂರ್ಯಾಸ್ತವು ಸುಮಾರು 6.40ಕ್ಕೆ, ಅದೇ ತಿಂಗಳ 22ರ ಸುಮಾರಿಗೆ 6.22ಕ್ಕೆ, ಅಕ್ಟೋಬರ್ 21ರ ಸುಮಾರಿಗೆ 6 ಗಂಟೆಗೆ. ನವೆಂಬರ್ ಕೊನೆಯ ವಾರದಲ್ಲಿ 5.50ಕ್ಕೆ ಇಳಿದು, ಅಲ್ಲಿಂದ ಮುಂದೆ ಮೆಲ್ಲನೆ ಮೇಲೇರತೊಡಗುತ್ತದೆ. ವರ್ಷದ ಅತ್ಯಂತ ಚಿಕ್ಕ ಹಗಲು ಡಿಸೆಂಬರ್ 21 ಅಥವಾ 22ರಂದು ಬಂದರೂ ಅತ್ಯಂತ ಬೇಗನೆ ಹೊತ್ತು ಮುಳುಗುವುದು ಅದಕ್ಕಿಂತ ಸುಮಾರು ನಾಲ್ಕು ವಾರ ಮೊದಲು ಎಂಬುದನ್ನು ಅನೇಕರು ಗಮನಿಸಿರಲಾರರು. ಸಂಕ್ರಾಂತಿಯ ಹೊತ್ತಿಗೆ ಸಂಜೆಯು ಮತ್ತೆ 6.10ರವರೆಗೆ ಬಂದಿರುತ್ತದೆ.

ಬೇರೆ ಊರುಗಳಲ್ಲಿ ನೆಲಸಿದ ಬಂಧುಗಳಿಗೆ ಈ ಅಂಕಿಗಳು ಹಾಗೆಯೇ ಸಲ್ಲುವುದಿಲ್ಲ. ಕೇರಳದ ವಯನಾಡಿನಲ್ಲಿ ತಲೆತಲಾಂತರದಿಂದ ಕನ್ನಡವನ್ನು ಮನೆಮಾತಾಗಿ ಉಳಿಸಿಕೊಂಡಿರುವ ಜೈನ ಕುಟುಂಬಗಳಿವೆ. ಅಲ್ಲಿ ಇದೇ ಅವಧಿಯಲ್ಲಿ ಸಂಜೆ ಸರಿಯುವುದು ಎರಡು ಘಳಿಗೆಗಿಂತ ಸ್ವಲ್ಪ ಹೆಚ್ಚು ಮಾತ್ರ. ದೆಹಲಿಯಲ್ಲಾದರೆ ನಾಲ್ಕೂವರೆ ಘಳಿಗೆ. ಉತ್ತರದೇಶಕ್ಕೆ ಉದ್ಯೋಗಕ್ಕೆಂದು ಹೋದ ಮಗನಿಗೆ ಚಳಿಗಾಲದ ನಿಯಮ ಊರಿನಲ್ಲಿದ್ದುದಕ್ಕಿಂತ ಕಠಿಣವಾಗಿ ತೋರಿದರೆ ಅದು ಅವನ ಆಲಸ್ಯವೆಂದು ತಂದೆತಾಯಿಗಳು ತಿಳಿಯಬಾರದು. ಅಲ್ಲಿಯ ಸೂರ್ಯನ ಲೆಕ್ಕವೇ ಬೇರೆ.

ಹಗಲಿನಲ್ಲಿಯೇ ಊಟವೇಕೆ?

ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಹಿಂಸಾವ್ರತದ ಐದು ಭಾವನೆಗಳನ್ನು ಹೇಳುತ್ತಾರೆ. ಅವುಗಳಲ್ಲಿ ಕೊನೆಯದು ಆಲೋಕಿತಪಾನಭೋಜನ, ಅಂದರೆ ಬೆಳಕಿನಲ್ಲಿ ಕಣ್ಣಿಟ್ಟು ನೋಡಿ ಉಣ್ಣುವುದು, ಕುಡಿಯುವುದು. ಕನ್ನಡ ನಾಡಿನವರಾದ ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ಈ ವಿಷಯವನ್ನು ಚರ್ಚಿಸಿ, ರಾತ್ರಿಭೋಜನ ತ್ಯಾಗವು ಇದೇ ಭಾವನೆಯಲ್ಲಿ ಅಡಗಿದೆಯೆಂದು ನಿರ್ಣಯಿಸಿದ್ದಾರೆ. ಸಮಂತಭದ್ರಾಚಾರ್ಯರು ಶ್ರಾವಕನ ಹನ್ನೊಂದು ಪ್ರತಿಮೆಗಳಲ್ಲಿ ಆರನೆಯದಾಗಿ ರಾತ್ರಿಭುಕ್ತಿವಿರತವನ್ನು ಇಟ್ಟಿದ್ದಾರೆ.

ವಿದ್ಯುದ್ದೀಪ ಬಂದ ಮೇಲೆ ಕತ್ತಲೆ ಎಲ್ಲಿದೆ ಎಂದು ಇಂದಿನ ಯುವಕರು ಕೇಳುವುದುಂಟು. ಪ್ರಶ್ನೆ ಹೊಸದಲ್ಲ. ದೀಪ ಹಚ್ಚಿಕೊಂಡು ಉಂಡರಾಗದೇ ಎಂಬ ಆಕ್ಷೇಪವನ್ನು ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಆಗಲೇ ಎತ್ತಿಕೊಂಡಿದ್ದಾರೆ. ದೀಪವಿದ್ದರೂ ಆಹಾರಕ್ಕೆ ಬಂದು ಸೇರುವ ಸೂಕ್ಷ್ಮಜಂತುಗಳ ಹಿಂಸೆ ತಪ್ಪದೆಂಬುದು ಅವರ ಸಮಾಧಾನ. ಅವರ ಮಾತಿನ ನಿಜವನ್ನು ತಿಳಿಯಲು ಭಾದ್ರಪದದ ಒಂದು ಸಂಜೆ ಅಂಗಡಿಯ ಟ್ಯೂಬ್‌ಲೈಟಿನ ಕೆಳಗೆ ಐದು ನಿಮಿಷ ನಿಂತರೆ ಸಾಕು. ಮಳೆ ಬಿದ್ದ ಮರುಸಂಜೆ ರೆಕ್ಕೆಹುಳುಗಳು ದೀಪವನ್ನು ಮುತ್ತಿ, ಕೆಳಗಿಟ್ಟ ಅಕ್ಕಿಯ ರಾಶಿಯ ಮೇಲೆಯೇ ಉದುರುತ್ತವೆ. ಹುಳುವನ್ನು ಕರೆಯುವುದೇ ದೀಪ. ಬೆಳಕು ಪ್ರಖರವಾದಷ್ಟೂ ಕರೆ ದೊಡ್ಡದಾಗುತ್ತದೆ.

ವ್ರತಿಗಳಾದವರು ಸೂರ್ಯಾಸ್ತಕ್ಕೆ ಎರಡು ಘಳಿಗೆ ಇರುವಾಗಲೇ ಊಟ ಮುಗಿಸುತ್ತಾರೆ. ಅಂದರೆ ಆಷಾಢದಲ್ಲಿ 6.15ರ ಸುಮಾರಿಗೆ, ನವೆಂಬರ್ ಕೊನೆಯಲ್ಲಿ 5 ಗಂಟೆಗೆ. ಸಾಮಾನ್ಯ ಶ್ರಾವಕರು ಸೂರ್ಯಾಸ್ತದೊಳಗೆ ಮುಗಿಸಿದರೂ ನಿಯಮ ಪಾಲಿಸಿದಂತೆಯೇ. ಗುಜರಾತಿ, ಮಾರವಾಡಿ ಮನೆಗಳಲ್ಲಿ ಅಸ್ತಮಾನದ ತರುವಾಯ ನಾಲ್ಕೂ ವಿಧದ ಆಹಾರವನ್ನು ಬಿಡುವುದಕ್ಕೆ ಚೌವಿಹಾರವೆಂಬ ಹೆಸರಿದೆ. ಕನ್ನಡ ಮನೆಯ ಅಜ್ಜಿಯು ಹೊತ್ತಿನೊಳಗಿನ ಊಟವೆನ್ನುವಳು. ಮಾತು ಎರಡು, ಅರ್ಥ ಒಂದು.

ಅಡುಗೆಮನೆಯ ಪಂಚಾಂಗ

ಋತು ಬದಲಾದುದನ್ನು ಗೃಹಿಣಿಯು ಹಿಟ್ಟಿನ ಡಬ್ಬಿಯಿಂದಲೇ ತಿಳಿಯುತ್ತಾಳೆ. ಬೀಸಿದ ಹಿಟ್ಟಿಗೆ ಶ್ರಾವಕಾಚಾರದಲ್ಲಿ ಕಾಲದ ಮಿತಿ ಇದೆ; ಇದನ್ನು ಮರ್ಯಾದೆ ಎನ್ನುತ್ತಾರೆ. ಬೇಸಿಗೆಯಲ್ಲಿ ಐದು ದಿನ, ಮಳೆಗಾಲದಲ್ಲಿ ಮೂರು ದಿನ, ಚಳಿಗಾಲದಲ್ಲಿ ಏಳು ದಿನ. ಮಳೆಗಾಲದ ತೇವದಲ್ಲಿ ಹಿಟ್ಟು ಬೇಗ ಮುಗ್ಗಲು ಹಿಡಿದು ಹುಳು ಬೀಳುವುದರಿಂದ ಮಿತಿ ಚಿಕ್ಕದಾಗಿದೆ. ಜೋಳವೇ ಮುಖ್ಯ ಆಹಾರವಾದ ಈ ಸೀಮೆಯಲ್ಲಿ ಆಷಾಢ ಹುಣ್ಣಿಮೆಯ ನಂತರ ಗಿರಣಿಗೆ ಹೋಗುವ ಬುಟ್ಟಿ ಚಿಕ್ಕದಾಗುತ್ತದೆ, ಹೋಗುವ ಸಲಗಳು ಹೆಚ್ಚುತ್ತವೆ. ಕಾರ್ತಿಕ ಹುಣ್ಣಿಮೆಯ ನಂತರ ವಾರಕ್ಕೊಮ್ಮೆ ಬೀಸಿಸಿದರೆ ಸಾಕು.

ನೀರಿಗೂ ಇಂತಹುದೇ ಮಿತಿ. ದಪ್ಪ ಬಟ್ಟೆಯ ಎರಡು ಪದರದಲ್ಲಿ ಸೋಸಿದ ನೀರಿನ ಮಿತಿ ಒಂದು ಮುಹೂರ್ತ. ಲವಂಗ ಮೊದಲಾದುವನ್ನು ಹಾಕಿ ಪ್ರಾಸುಕಗೊಳಿಸಿದ ನೀರಿಗೆ ಎರಡು ಪ್ರಹರ, ಅಂದರೆ ಆರು ಗಂಟೆ. ಚೆನ್ನಾಗಿ ಕುದಿಸಿದ ನೀರಿಗೆ 24 ಗಂಟೆ. ಚಾತುರ್ಮಾಸದಲ್ಲಿ ಅನೇಕ ಮನೆಗಳಲ್ಲಿ ಸೊಪ್ಪುಪಲ್ಯವನ್ನು ಬಿಡುತ್ತಾರೆ, ಅಷ್ಟಮಿ ಚತುರ್ದಶಿಗಳಂದು ಹಸಿ ತರಕಾರಿಯನ್ನೂ ಮುಟ್ಟುವುದಿಲ್ಲ. ಆಗ ಹೆಸರುಬೇಳೆ, ತೊಗರಿಬೇಳೆ, ಈರುಳ್ಳಿ ಬೆಳ್ಳುಳ್ಳಿ ಇಲ್ಲದ ಝುಣಕ, ಶೇಂಗಾ ಹಿಂಡಿ ಇವೇ ರೊಟ್ಟಿಯ ಜೊತೆಗಾರರು. ಚಳಿ ಬಿದ್ದ ಮೇಲೆ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ ಒಲೆಯ ಮೇಲೆ ಬರುತ್ತದೆ. ಹೀಗೆ ನಿಯಮವೂ ರುಚಿಯೂ ಒಂದೇ ಒಲೆಯಲ್ಲಿ ಬೇಯುತ್ತವೆ.

ಹೊಲದಲ್ಲಿಯೂ ಇದೇ ಕಾಲಕ್ಕೆ ಬದಲಾವಣೆ. ಸೋಲಾಪುರದ ಎರೆಭೂಮಿಗೆ ಸೆಪ್ಟೆಂಬರ್ ಮಳೆಯೇ ಆಧಾರ. ಉತ್ತರಾ, ಹಸ್ತಾ ಮಳೆಗಳ ಹದ ನೋಡಿ ಹಿಂಗಾರಿ ಜೋಳವನ್ನು ಬಿತ್ತುತ್ತಾರೆ. ಇದೇ ಜಿಲ್ಲೆಯ ಮೋಹೋಳ ಸಂಶೋಧನಾ ಕೇಂದ್ರದಲ್ಲಿ ಆಯ್ದು ರೂಪಿಸಿದ ಮಾಲದಂಡಿ ಜೋಳವು ನೆಲದಲ್ಲಿ ಉಳಿದ ತೇವದಿಂದಲೂ ಚಳಿಗಾಲದ ಇಬ್ಬನಿಯಲ್ಲಿಯೂ ಬೆಳೆದು ನಿಲ್ಲುತ್ತದೆ. ಮುಂಗಾರಿನ ಉದ್ದು, ಹೆಸರು, ಸೋಯಾ ಪೇಟೆಗೆ ಬರುವುದೂ ಭಾದ್ರಪದದಿಂದ ಕಾರ್ತಿಕದವರೆಗಿನ ಈ ದಿನಗಳಲ್ಲಿಯೇ. ಸಂಜೆ ಕುಗ್ಗುವ ಕಾಲವೂ ಪೇಟೆ ತುಂಬುವ ಕಾಲವೂ ಒಂದೇ ಆಗಿರುವುದರಿಂದಲೇ ವ್ಯಾಪಾರಿಯ ಮನೆಯಲ್ಲಿ ಪ್ರಶ್ನೆ ಏಳುತ್ತದೆ.

ಕೂಟಗಳ ಸಾಲು

ಆಷಾಢ ಹುಣ್ಣಿಮೆಯ ಮರುದಿನ ವೀರಶಾಸನ ಜಯಂತಿ. ರಾಜಗೃಹದ ವಿಪುಲಾಚಲದ ಮೇಲೆ ಭಗವಾನ್ ಮಹಾವೀರರ ದಿವ್ಯಧ್ವನಿಯು ಮೊದಲು ಹೊರಹೊಮ್ಮಿದ ದಿನವಿದು. ಶ್ರಾವಣ ಶುಕ್ಲ ಸಪ್ತಮಿಯಂದು ಭಗವಾನ್ ಪಾರ್ಶ್ವನಾಥರ ಮೋಕ್ಷಕಲ್ಯಾಣ. ಶ್ರಾವಣ ಹುಣ್ಣಿಮೆಯಂದು ವಿಷ್ಣುಕುಮಾರ ಮುನಿಗಳು ಹಸ್ತಿನಾಪುರದಲ್ಲಿ 700 ಮುನಿಗಳ ಉಪಸರ್ಗವನ್ನು ನಿವಾರಿಸಿದುದರ ಸ್ಮರಣೆ.

ಭಾದ್ರಪದ ಶುಕ್ಲ ಬಿದಿಗೆಯು ಈ ಗಡಿಸೀಮೆಗೆ ಮತ್ತೊಂದು ಕಾರಣದಿಂದ ಸ್ಮರಣೀಯ. ಬೆಳಗಾವಿ ಜಿಲ್ಲೆಯ ಭೋಜ ಗ್ರಾಮದವರಾದ ಚಾರಿತ್ರಚಕ್ರವರ್ತಿ ಆಚಾರ್ಯ ಶಾಂತಿಸಾಗರ ಮಹಾರಾಜರು 1955ರ ಸೆಪ್ಟೆಂಬರ್ 18ರಂದು, ಆ ತಿಥಿಯಲ್ಲಿ, ಕುಂಥಲಗಿರಿಯಲ್ಲಿ ಸಲ್ಲೇಖನಾಪೂರ್ವಕ ದೇಹತ್ಯಾಗ ಮಾಡಿದರು. ಕನ್ನಡ ಮರಾಠಿ ಎರಡೂ ಸೀಮೆಯ ಜನರು ಅವರನ್ನು ತಮ್ಮವರೆಂದೇ ತಿಳಿದಿದ್ದಾರೆ.

ಭಾದ್ರಪದ ಶುಕ್ಲ ಪಂಚಮಿಯಿಂದ ಅನಂತ ಚತುರ್ದಶಿಯವರೆಗೆ ದಶಲಕ್ಷಣ ಪರ್ವ. ಶ್ವೇತಾಂಬರ ಬಂಧುಗಳ ಎಂಟು ದಿನಗಳ ಪರ್ಯುಷಣವು ಸಂವತ್ಸರಿಯಿಂದ ಮುಗಿಯುವ ಹೊತ್ತಿಗೆ ದಿಗಂಬರರ ಪರ್ವ ಆರಂಭವಾಗುತ್ತದೆ. ಒಂದು ಮನೆಯಲ್ಲಿ ಮಿಚ್ಛಾಮಿ ದುಕ್ಕಡಂ ಎಂಬ ಮಾತು ಕೇಳಿಸಿದರೆ ಹನ್ನೆರಡು ದಿನಗಳೊಳಗೆ ಪಕ್ಕದ ಮನೆಯಲ್ಲಿ ಉತ್ತಮ ಕ್ಷಮಾ ಎಂಬ ಮಾತು ಕೇಳಿಸುತ್ತದೆ. ಎರಡೂ ಮನೆಯವರು ಪರಸ್ಪರ ಕೈಮುಗಿಯುವುದು ಈ ಸೀಮೆಯ ಒಳ್ಳೆಯ ರೂಢಿ.

ಅಮಾವಾಸ್ಯೆಯ ಮುಂಜಾನೆ ಪಾವಾಪುರಿಯ ಮಹಾವೀರ ನಿರ್ವಾಣವನ್ನು ಸ್ಮರಿಸಿ ನಿರ್ವಾಣ ಲಾಡು ಅರ್ಪಿಸುವ ದೀಪಾವಳಿಯು ಮುಂದಿನ ಕೂಟ. ಅದೇ ದಿನ ಗೌತಮ ಗಣಧರರಿಗೆ ಕೇವಲಜ್ಞಾನವಾಯಿತು. ಮರುದಿನದಿಂದ ಹೊಸ ವೀರ ನಿರ್ವಾಣ ಸಂವತ್ಸರ. 2025ರ ದೀಪಾವಳಿಯ ನಂತರ ಆರಂಭವಾದುದು 2552ನೆಯದು. ಈಗ ವ್ಯಾಪಾರದ ಲೆಕ್ಕ ಏಪ್ರಿಲ್ 1ರಿಂದ ಆರಂಭವಾದರೂ ದೀಪಾವಳಿಯಂದು ಖಾತೆಪುಸ್ತಕದ ಪೂಜೆ ತಪ್ಪಿಲ್ಲ.

ಇಲ್ಲಿ ತಿಂಗಳ ಹೆಸರಿನ ಬಗ್ಗೆ ಒಂದು ಸೂಚನೆ ಅವಶ್ಯ. ಕನ್ನಡ, ಮರಾಠಿ, ಗುಜರಾತಿ ಪಂಚಾಂಗಗಳಲ್ಲಿ ತಿಂಗಳು ಅಮಾವಾಸ್ಯೆಗೆ ಮುಗಿಯುತ್ತದೆ; ರಾಜಸ್ಥಾನ ಮತ್ತು ಹಿಂದಿ ಸೀಮೆಯಲ್ಲಿ ಹುಣ್ಣಿಮೆಗೆ. ಆದುದರಿಂದ ಕನ್ನಡ ಮನೆಯವರು ಆಶ್ವಯುಜ ಬಹುಳ ಅಮಾವಾಸ್ಯೆ ಎಂದುದನ್ನು ಮಾರವಾಡಿ ಮನೆಯವರು ಕಾರ್ತಿಕ ಕೃಷ್ಣ ಅಮಾವಾಸ್ಯೆ ಎನ್ನುತ್ತಾರೆ. ವೀರಶಾಸನ ಜಯಂತಿಯು ಒಬ್ಬರಿಗೆ ಆಷಾಢ ಬಹುಳ, ಮತ್ತೊಬ್ಬರಿಗೆ ಶ್ರಾವಣ ಕೃಷ್ಣ. ದಿನ ಒಂದೇ. ಶುಕ್ಲಪಕ್ಷದಲ್ಲಿ ಹೆಸರಿನ ಭೇದವಿಲ್ಲ. ಹೊಸದಾಗಿ ಮನೆಗೆ ಬಂದ ಸೊಸೆಯು ಬೇರೆ ತಿಂಗಳ ಹೆಸರು ಹೇಳಿದರೆ ತಪ್ಪೆಂದು ನಗಬಾರದು.

ಒಂದು ಅಂಗಡಿಯ ಸಂಜೆ

ಅಕ್ಕಲಕೋಟೆಯಂತಹ ಪೇಟೆಯ ಒಂದು ಕಾಳುಕಡಿ ಅಂಗಡಿಯ ಮನೆಯನ್ನು ಭಾವಿಸಿಕೊಳ್ಳೋಣ. ತಾಯಿಯ ಮಾತು ಕನ್ನಡ. ಸೊಸೆಯ ತವರಿನ ಮಾತು ಗುಜರಾತಿ. ಮೊಮ್ಮಗನ ಶಾಲೆಯ ಮಾತು ಮರಾಠಿ. ಆಷಾಢದಲ್ಲಿ ಮಗನು ಆರೂವರೆಗೆ ಮನೆಗೆ ಬಂದು ಎಲ್ಲರೊಡನೆ ಕುಳಿತು ಉಣ್ಣುವನು. ಭಾದ್ರಪದದಲ್ಲಿ ಆರು ಗಂಟೆಗೆ ಓಡಿ ಬರುವನು. ಆಶ್ವಯುಜದಲ್ಲಿ ಪೇಟೆಗೆ ಮಾಲು ಬರುತ್ತದೆ. ಹಳ್ಳಿಯ ಗಿರಾಕಿಗಳು ಬರುವ ಹೊತ್ತೇ ಸಂಜೆ ಐದರಿಂದ ಏಳು. ಒಂದು ದಿನ ಊಟ ತಪ್ಪಿತು. ಎರಡನೆಯ ದಿನ ಅಂಗಡಿಯಲ್ಲಿಯೇ ನಿಂತು ನಾಲ್ಕು ತುತ್ತು ತಿಂದನು. ಕಾರ್ತಿಕದಲ್ಲಿ ರಾತ್ರಿ ಒಂಬತ್ತಕ್ಕೆ ಬಂದು ಒಬ್ಬನೇ ಉಣ್ಣತೊಡಗಿದನು. ನಿಯಮ ಬಿಡಬೇಕೆಂದು ಅವನು ಎಂದೂ ನಿಶ್ಚಯಿಸಲಿಲ್ಲ. ಹಗಲಿನಂತೆಯೇ ನಿಯಮವೂ ಚೂರುಚೂರಾಗಿ ಕರಗಿತು. ಅದರೊಂದಿಗೆ ಮನೆಯವರೆಲ್ಲ ಒಂದೆಡೆ ಕೂಡುತ್ತಿದ್ದ ದಿನದ ಒಂದೇ ಹೊತ್ತೂ ಹೋಯಿತು.

ತಾಯಿಯು ಗದರಲಿಲ್ಲ. "ಹೊತ್ತು ಯಾರ ಅಂಗಡಿ ಸಲುವಾಗೂ ನಿಂದ್ರೂದಿಲ್ಲಪಾ, ನಾವ ನಿಂದ್ರಬೇಕು" ಎಂದಷ್ಟೇ ಹೇಳಿದಳು. ಸೊಸೆಯು ಉಪಾಯ ಹುಡುಕಿದಳು. "ಅತ್ತೀ, ಅವ್ರು ಬರಾಕ ಆಗ್ಲಿಲ್ಲಂದ್ರ ನಾವ ಬುತ್ತಿ ತಗೊಂಡು ಅಂಗಡಿಗಿ ಹೋಗೋಣ್ರಿ" ಎಂದಳು. ಮರುದಿನದಿಂದ ಐದೂಕಾಲಿಗೆ ಬುತ್ತಿಯು ಅಂಗಡಿಯ ಹಿಂದಿನ ಕೋಣೆಗೆ ಹೋಯಿತು. ಬುತ್ತಿಯೊಡನೆ ತಾಯಿ, ಹೆಂಡತಿ, ಮಗನೂ ಹೋದರು. ಅಂಗಡಿಯ ಶಟರ್ ಇಪ್ಪತ್ತು ನಿಮಿಷ ಅರ್ಧಕ್ಕೆ ಇಳಿಯಿತು. ಕೆಲಸದ ಹುಡುಗರಿಗೂ ಅದೇ ಚಹದ ಬಿಡುವಾಯಿತು. ಮೊದಲ ವಾರದಲ್ಲಿ ಕೆಲವು ಗಿರಾಕಿಗಳು ಎದುರಿನ ಅಂಗಡಿಗೆ ಹೋದುದು ನಿಜ, ನಷ್ಟವಾಗಲಿಲ್ಲವೆಂದು ಹೇಳುವಂತಿಲ್ಲ. ತರುವಾಯ ಖಾಯಂ ಗಿರಾಕಿಗಳು ಆ ಇಪ್ಪತ್ತು ನಿಮಿಷವನ್ನು ತಿಳಿದುಕೊಂಡು ಹಿಂದೆಮುಂದೆ ಬರತೊಡಗಿದರು. ಎಲ್ಲ ಅಂಗಡಿಗಳಿಗೂ ಇದೇ ಉಪಾಯ ಹೊಂದಲಾರದು. ಆದರೆ ಮನೆಯವರು ಕೂಡಿ ಯೋಚಿಸಿದರೆ ಪ್ರತಿ ಮನೆಗೂ ಒಂದು ದಾರಿ ಸಿಕ್ಕೀತು.

ಚಳಿಗಾಲದ ಕೂಟಗಳು: ವಿಚಾರ ಮಾಡಬೇಕಾದ ವಿಷಯ

ತುಳಸಿ ಲಗ್ನ ಮುಗಿಯುತ್ತಲೇ ಈ ಸೀಮೆಯಲ್ಲಿ ಮದುವೆಗಳು ಆರಂಭವಾಗುತ್ತವೆ. ವರ್ಷದಲ್ಲಿಯೇ ಅತ್ಯಂತ ಬೇಗನೆ ಹೊತ್ತು ಮುಳುಗುವ ದಿನಗಳೂ ಅವೇ. ಆರತಕ್ಷತೆಯನ್ನು ರಾತ್ರಿ ಏಳೂವರೆಗೆ ಇಟ್ಟುಕೊಳ್ಳುವುದು ಈಗಿನ ವಾಡಿಕೆ. ಆಗ ಸಮಾಜವು ತಿಳಿಯದೆಯೇ ಎರಡಾಗುತ್ತದೆ. ನಿಯಮವುಳ್ಳ ಹಿರಿಯರು ಮನೆಯಲ್ಲಿಯೇ ಉಂಡು ಬಂದು, ಅಕ್ಷತೆ ಹಾಕಿ, ಒಂದು ಮೂಲೆಯಲ್ಲಿ ಕುಳಿತು ಹಿಂತಿರುಗುತ್ತಾರೆ. ಊಟಕ್ಕೆ ಕುಳ್ಳಿರಿಸಲಾಗಲಿಲ್ಲವೆಂದು ಕರೆದವರಿಗೆ ನೋವು. ಕರೆದವರ ಅನ್ನ ಉಣ್ಣಲಾಗಲಿಲ್ಲವೆಂದು ಬಂದವರಿಗೆ ಸಂಕೋಚ. ಅಜ್ಜಿಯ ಪಕ್ಕದಲ್ಲಿ ಕುಳಿತು ಉಣ್ಣಬೇಕಾದ ಮೊಮ್ಮಕ್ಕಳು ಬೇರೆ ಕಡೆ ತಟ್ಟೆ ಹಿಡಿದು ನಿಂತಿರುತ್ತಾರೆ. ನಿಯಮವು ಕೂಟವನ್ನು ಒಡೆಯಲಿಲ್ಲ. ಕೂಟಕ್ಕೆ ಗೊತ್ತುಮಾಡಿದ ವೇಳೆ ಒಡೆಯಿತು.

ಇದೇ ಸೀಮೆಯ ಒಕ್ಕಲಿಗರ ಎಳ್ಳ ಅಮಾವಾಸ್ಯೆಯನ್ನು ನೋಡಿ ಕಲಿಯಬಹುದು. ಮಾರ್ಗಶಿರದ ಅಮಾವಾಸ್ಯೆಯಂದು, ಕಡು ಚಳಿಯಲ್ಲಿ, ಬಂಧುಬಳಗವನ್ನೆಲ್ಲ ಕರೆದು ಹೊಲದಲ್ಲಿ ಭೂಮಿತಾಯಿಗೆ ಪೂಜೆ ಸಲ್ಲಿಸಿ, ನಡುಹಗಲಲ್ಲಿ ಜೋಳದ ನಡುವೆ ಕುಳಿತು ಸಜ್ಜಿ ರೊಟ್ಟಿ, ಕಡಬು, ಭಜ್ಜಿ, ಅಂಬಲಿ ಉಣ್ಣುತ್ತಾರೆ. ಹೊತ್ತಿಳಿಯುವ ಮೊದಲು ಮನೆ ಸೇರುತ್ತಾರೆ. ಜಾತಿ ಭಾಷೆಗಳ ಭೇದವಿಲ್ಲದೆ ನೂರಾರು ಜನ ಉಣ್ಣುವ ಈ ಕೂಟಕ್ಕೆ ಒಂದು ದೀಪವೂ ಬೇಕಿಲ್ಲ. ಚಳಿಗಾಲದ ಕೂಟಕ್ಕೆ ಹಗಲೇ ಹಿತವೆಂಬುದನ್ನು ರೈತರು ಮರೆತಿಲ್ಲ.

ಸಮಾಜಬಾಂಧವರು ಕೆಳಗಿನ ವಿಷಯಗಳನ್ನು ಮನೆಯಲ್ಲಿ ಚರ್ಚಿಸಬಹುದು:

1. ಕಾರ್ತಿಕದಿಂದ ಮಾಘದವರೆಗಿನ ಮದುವೆ, ನಾಮಕರಣ, ಗೃಹಪ್ರವೇಶಗಳ ಊಟವನ್ನು ಮುಂಜಾನೆ ಹತ್ತರಿಂದ ನಾಲ್ಕರೊಳಗೆ ಇಟ್ಟುಕೊಳ್ಳುವುದು.

2. ರಾತ್ರಿಯ ಕಾರ್ಯಕ್ರಮ ಅನಿವಾರ್ಯವಾದರೆ ಊಟವನ್ನು ಐದು ಗಂಟೆಗೇ ಆರಂಭಿಸಿ, ಆ ವೇಳೆಯನ್ನು ಆಮಂತ್ರಣ ಪತ್ರಿಕೆಯಲ್ಲಿ ಸ್ಪಷ್ಟವಾಗಿ ಅಚ್ಚು ಹಾಕಿಸುವುದು.

3. ಅಷ್ಟಾಹ್ನಿಕದ ಸಾಮೂಹಿಕ ಭೋಜನಕ್ಕೆ ಪರಿಚಾರಕರು, ಅಡುಗೆಯವರು, ಪಾತ್ರೆ ತೊಳೆಯುವವರು ಇವರೂ ಹೊತ್ತಿನೊಳಗೆ ಉಣ್ಣುವಂತೆ ಏರ್ಪಾಡು ಮಾಡುವುದು. ಬಡಿಸಿದವರು ಹಸಿದಿರುವಾಗ ಪಂಕ್ತಿ ಮುಗಿದಂತಾಗದು.

4. ಪಾಳಿಯ ಕೆಲಸ, ದೂರದ ಉದ್ಯೋಗ, ರೋಗ, ಬಾಣಂತನ ಮುಂತಾದ ಕಾರಣಗಳಿಂದ ನಿಯಮ ಪಾಲಿಸಲಾಗದವರನ್ನು ಕೂಟದಲ್ಲಿ ಹೀಗಳೆಯದಿರುವುದು. ಮಾತಿನಿಂದ ಚುಚ್ಚುವುದೂ ಹಿಂಸೆಯೇ. ಅಂತಹವರು ರವಿವಾರ, ಅಷ್ಟಮಿ, ಚತುರ್ದಶಿಗಳಲ್ಲಿಯಾದರೂ ಪಾಲಿಸಿದರೆ ಅದನ್ನು ಆದರಿಸುವುದು.

ಮಕ್ಕಳಿಗೊಂದು ಅಭ್ಯಾಸ

ಆಷಾಢ ಹುಣ್ಣಿಮೆಯಿಂದ ಕಾರ್ತಿಕ ಹುಣ್ಣಿಮೆಯವರೆಗೆ ಪ್ರತಿ ಅಷ್ಟಮಿ ಮತ್ತು ಚತುರ್ದಶಿಯಂದು ಮಾಳಿಗೆಯ ಮೇಲೆ ನಿಂತು ಸೂರ್ಯ ಮುಳುಗುವ ವೇಳೆಯನ್ನು ಒಂದು ವಹಿಯಲ್ಲಿ ಬರೆದಿಡಿರಿ. ಮೋಡವಿದ್ದರೆ ಪಂಚಾಂಗ ನೋಡಿರಿ. ಸೂರ್ಯನು ಯಾವ ಮರದ ಅಥವಾ ಯಾವ ಮನೆಯ ಹಿಂದೆ ಇಳಿದನೆಂಬುದನ್ನೂ ಬರೆಯಿರಿ. ಅವನು ವಾರವಾರವೂ ಎಡಕ್ಕೆ, ದಕ್ಷಿಣ ದಿಕ್ಕಿಗೆ ಸರಿಯುವುದು ಕಾಣುವುದು. ವೀಥಿ ಎಂದರೇನೆಂಬುದು ಆಗ ತಾನಾಗಿ ತಿಳಿಯುವುದು. ಕೊನೆಯಲ್ಲಿ ಎಷ್ಟು ಘಳಿಗೆ ಸರಿಯಿತೆಂದು ಲೆಕ್ಕ ಮಾಡಿ ಅಜ್ಜ ಅಜ್ಜಿಯರಿಗೆ ತೋರಿಸಿರಿ. ಬೇರೆ ಊರಿನ ಅತ್ತೆ ಮಾವಂದಿರ ಮಕ್ಕಳ ಲೆಕ್ಕದೊಡನೆ ಹೋಲಿಸಿರಿ.

ಉಪಸಂಹಾರ

ಬೇಸಿಗೆ ಹೋಗಿ ಚಳಿಗಾಲ ಬರುವುದು ಮನುಷ್ಯನ ಕೈಯಲ್ಲಿಲ್ಲ. ಸೂರ್ಯನು ಮೂರು ಘಳಿಗೆ ಹಿಂದೆ ಸರಿದಾಗ ಮನುಷ್ಯನೂ ತನ್ನ ಊಟವನ್ನು, ಅಂಗಡಿಯನ್ನು, ಮದುವೆಯ ಚಪ್ಪರವನ್ನು ಅಷ್ಟೇ ಹಿಂದೆ ಸರಿಸಿಕೊಳ್ಳುವುದು ಮಾತ್ರ ಅವನ ಕೈಯಲ್ಲಿದೆ. ಹಿರಿಯರು ಇದನ್ನು ಕಷ್ಟವೆಂದು ಎಣಿಸಲಿಲ್ಲ. ಹೊತ್ತಿನೊಳಗಿನ ಊಟದಿಂದ ಕಣ್ಣಿಗೆ ಕಾಣದ ಜೀವಗಳಿಗೆ ಅಭಯ ದೊರೆಯಿತು. ಕಣ್ಣೆದುರಿಗಿನ ಜೀವಗಳಾದ ತಾಯಿ, ಮಡದಿ, ಮಕ್ಕಳಿಗೆ ದಿನಕ್ಕೊಮ್ಮೆ ಒಟ್ಟಿಗೆ ಕುಳಿತುಕೊಳ್ಳುವ ಭಾಗ್ಯವೂ ದೊರೆಯಿತು. ಈ ಚಳಿಗಾಲದಲ್ಲಿ ಪ್ರತಿ ಮನೆಯ ಸಂಜೆಯ ಪಂಕ್ತಿಯು ತುಂಬಿರಲಿ.

ಜೈ ಜಿನೇಂದ್ರ.